ಮನಸ್ಸಿಗೆ ಮಾತ್ರೆ ತಗೊಳ್ಳುವವರ ಕಿವಿ ಗುಂಯ್ ಅಂದರೆ ಏನು ಮಾಡಬೇಕು?

ಕೋಲಾರದಲ್ಲಿ ಕಿವಿ ಪರೀಕ್ಷೆಗೆ ಬರುವವರೆಲ್ಲ ಕಿವಿ ಕೇಳಲ್ಲ ಅಂತ ಬರುವುದಿಲ್ಲ. ಸುತ್ತ ಯಾವ ಸದ್ದೂ ಇಲ್ಲದಿದ್ದರೂ ಕಿವಿಯೊಳಗೆ ಗುಂಯ್ ಅನ್ನುತ್ತೆ, ಜೀರುಂಡೆ ಕೂಗಿದ ಹಾಗಾಗುತ್ತೆ ಅಂತಲೂ ಬರುತ್ತಾರೆ. ಇದಕ್ಕೆ ಟಿನಿಟಸ್ ಎನ್ನುತ್ತಾರೆ. ಖಿನ್ನತೆಗೋ ಆತಂಕಕ್ಕೋ ಮೊದಲೇ ಚಿಕಿತ್ಸೆಯಲ್ಲಿ ಇರುವವರಿಗೆ ಇದರ ಕಾಟ ಹೆಚ್ಚು. ಸದ್ದು ಕೇಳಿ ಭಯ, ಭಯ ಹೆಚ್ಚಿದಷ್ಟೂ ಗಮನವೆಲ್ಲ ಸದ್ದಿನ ಕಡೆಗೇ. ನಿದ್ದೆಗೆಟ್ಟ ಮರುದಿನ ಎರಡೂ ಜಾಸ್ತಿ. ಮನೆಯವರು 'ಎಲ್ಲ ನಿನ್ನ ಭ್ರಮೆ' ಅಂದುಬಿಡುತ್ತಾರೆ. ಹಾಗನ್ನಬೇಡಿ. ಅವರಿಗೆ ಅದು ನಿಜವಾಗಿಯೂ ಕೇಳಿಸುತ್ತಿರುತ್ತದೆ.

ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಗುಗ್ಗೆ ಕಟ್ಟಿದ್ದರೆ ಅವರೇ ತೆಗೆಯುತ್ತಾರೆ. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ತಪ್ಪಿಸಬೇಡಿ. ಜಲ್ಲಿ ಕ್ರಷರ್, ಬೋರ್‌ವೆಲ್ ಲಾರಿಯಲ್ಲಿ ದುಡಿದಿದ್ದರೆ ಅದನ್ನೂ ಹೇಳಿ. ಜೋರು ಸದ್ದಿಗೆ ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೇಳುವುದು ಕಮ್ಮಿಯಾಗಿದ್ದರೆ ಎಷ್ಟೋ ಜನರಿಗೆ ಶ್ರವಣ ಸಾಧನ ಹಾಕಿದಾಗ ಗುಂಯ್ ಸದ್ದೂ ಹಗುರಾಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬೇಡ, ಬಡ್ಸ್ ಬೇಡವೇ ಬೇಡ. ಒಂದು ಕಿವಿ ದಿಢೀರ್ ಅಂತ ಕೇಳಿಸದೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆ ಚಿಕಿತ್ಸೆಗೆ ತಡವಾದಷ್ಟೂ ನಷ್ಟ. ಸದ್ದು ಒಂದೇ ಕಿವಿಯಲ್ಲಿದ್ದರೆ, ಎದೆಬಡಿತದ ಜೊತೆ ಬಡಿಯುತ್ತಿದ್ದರೆ, ತಲೆ ಸುತ್ತಿದರೆ ಅದನ್ನೂ ಬೇಗ ತೋರಿಸಬೇಕು.

ಆಮೇಲೆ ಮಾತ್ರೆಯ ವಿಚಾರ. ಮೊಬೈಲಿನಲ್ಲಿ ಅಡ್ಡಪರಿಣಾಮದ ಪಟ್ಟಿ ನೋಡಿ ಮನಸ್ಸಿನ ಮಾತ್ರೆಯನ್ನು ತಾವೇ ನಿಲ್ಲಿಸುವವರಿದ್ದಾರೆ. ಖಿನ್ನತೆಯ ಕೆಲವು ಮಾತ್ರೆಗಳಿಂದ ಕೆಲವರಿಗೆ ಕಿವಿ ಗುಂಯ್ ಅನ್ನಬಹುದು, ನಿಜ. ಆದರೆ ಆ ಮಾತ್ರೆಗಳನ್ನೋ ನಿದ್ದೆ ಮಾತ್ರೆಯನ್ನೋ ಏಕಾಏಕಿ ಬಿಟ್ಟರೂ ಅದೇ ಸದ್ದು ಬರಬಹುದು, ಜೊತೆಗೆ ಹಳೇ ಕಾಯಿಲೆ ಮರುಕಳಿಸಲೂಬಹುದು. ಸದ್ದು ಯಾವಾಗ ಶುರುವಾಯಿತು, ಯಾವ ಮಾತ್ರೆ ಯಾವಾಗ ಬದಲಾಯಿತು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ನೋವಿನ ಮಾತ್ರೆಯೂ ಸೇರಿ ಎಲ್ಲ ಖಾಲಿ ಸ್ಟ್ರಿಪ್ಪುಗಳನ್ನು ಕವರಿನಲ್ಲಿ ಹಾಕಿಕೊಂಡು ಮನೋವೈದ್ಯರ ಮುಂದಿಡಿ. ಡೋಸ್ ಇಳಿಸುವುದು, ಬದಲಿಸುವುದು ಅವರ ಕೆಲಸ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ, ಕೇಳಿ ನೋಡಿ. ಕೇಳಿಸುವುದು ಬರೀ ಸದ್ದೋ ಅಥವಾ ಯಾರೋ ಮಾತಾಡಿದ ಹಾಗಿದೆಯೋ ಅನ್ನುವುದನ್ನು ಬಿಡಿಸಿ ಹೇಳಿ. ಮಾತು ಕೇಳಿಸುತ್ತಿದ್ದರೆ ಅದರ ಚಿಕಿತ್ಸೆಯೇ ಬೇರೆ.

ಇನ್ನು ರಾತ್ರಿ. ಜನ ಹೆಚ್ಚು ಎಡವುವುದು ಇಲ್ಲೇ. ನಿಶ್ಶಬ್ದವಾಗಿದ್ದರೆ ನಿದ್ದೆ ಬರುತ್ತೆ ಅಂತ ಬಾಗಿಲು, ಕಿಟಕಿ, ಫ್ಯಾನ್ ಎಲ್ಲ ಬಂದ್ ಮಾಡುತ್ತಾರೆ. ಆಗ ಕಿವಿಯೊಳಗಿನ ಸದ್ದು ಒಂದೇ ಉಳಿಯುತ್ತದೆ. ಇನ್ನು ಕೆಲವರು ಇಯರ್‌ಫೋನ್ ಸಿಕ್ಕಿಸಿ ಜೋರಾಗಿ ಹಾಡು ಹಾಕುತ್ತಾರೆ. ಎರಡೂ ತಪ್ಪು.

ಮಲಗುವುದಕ್ಕೆ ಮೊದಲೇ ಕೋಣೆಯಲ್ಲಿ ಒಂದು ಮೆಲ್ಲನೆಯ ಸದ್ದು ಹಾಕಿ. ಫ್ಯಾನ್ ಸಾಕು. ಡಿಸೆಂಬರ್ ಚಳಿಯಲ್ಲಿ ಟೇಬಲ್ ಫ್ಯಾನನ್ನು ಗೋಡೆ ಕಡೆ ತಿರುಗಿಸಿಡಿ, ಗಾಳಿ ಬೇಡ, ಸದ್ದು ಬೇಕು. ಇಲ್ಲವೇ ಮಳೆ ಸದ್ದನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಆನ್‌ಲೈನಿನಲ್ಲೇ ಹಾಕಿದರೆ ನಡುರಾತ್ರಿ ಜಾಹೀರಾತು ಕಿರುಚಿ ಎಬ್ಬಿಸುತ್ತದೆ. ಮಾತು, ಸುದ್ದಿ, ಸೀರಿಯಲ್ ಬೇಡ, ಮನಸ್ಸು ಅದರ ಹಿಂದೆ ಹೋಗುತ್ತದೆ. ಫೋನನ್ನು ದಿಂಬಿನ ಕೆಳಗಿಡಬೇಡಿ, ಕೋಣೆಯ ಆಚೆ ಬದಿಯ ಸ್ಟೂಲಿನ ಮೇಲಿಡಿ. ಈಗ ವಾಲ್ಯೂಮನ್ನು ತೀರಾ ಕಮ್ಮಿಯಿಂದ ಒಂದೊಂದೇ ಗೆರೆ ಏರಿಸಿ. ಮಳೆ ಸದ್ದೂ ಕೇಳಬೇಕು, ಅದರ ನಡುವೆ ಕಿವಿಯ ಗುಂಯ್ ಕೂಡ ಇನ್ನೂ ಸ್ವಲ್ಪ ಕೇಳುತ್ತಿರಬೇಕು. ಅಲ್ಲಿಗೆ ನಿಲ್ಲಿಸಿ. ಗುಂಯ್ ಪೂರ್ತಿ ಮುಚ್ಚಿಹೋಯಿತು ಅಂದರೆ ಜಾಸ್ತಿಯಾಯಿತು ಅಂತ ಅರ್ಥ. ಕೇಳಿಸದೇ ಇರುವ ಸದ್ದಿಗೆ ಮಿದುಳು ಒಗ್ಗುವುದು ಹೇಗೆ?

ಟೈಮರ್ ಇಡಬೇಡಿ, ಬೆಳಗಿನವರೆಗೂ ಓಡಲಿ. ದಿನಕ್ಕೊಂದು ಸದ್ದು ಬದಲಿಸಬೇಡಿ, ವಾರಗಟ್ಟಲೆ ಅದೇ ಇರಲಿ. ಕರೆಂಟ್ ಹೋಗುವ ಊರಾದರೆ ಫೋನ್ ಚಾರ್ಜ್ ಮಾಡಿಯೇ ಮಲಗಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ 'ಇದೆಯಾ, ಹೋಯ್ತಾ' ಅಂತ ಕಿವಿಗೊಟ್ಟು ಹುಡುಕಬೇಡಿ.

ವಾರದಲ್ಲಿ ವಾಸಿ ಅನ್ನುವ ಡ್ರಾಪ್ಸ್, ಗಿಂಕೋ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲ್‌ಗಳಿಗೆ ದುಡ್ಡು ಸುರಿಯಬೇಡಿ. ಟಿನಿಟಸ್ಸನ್ನು ಅಳಿಸಿಹಾಕುತ್ತದೆ ಅಂತ ಸಾಬೀತಾದ ಔಷಧಿ ಇಲ್ಲ. ಸದ್ದಿನಿಂದಾಗುವ ಸಂಕಟ ಇಳಿಸಲು ಹೆಚ್ಚು ಆಧಾರ ಇರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ, ಬೆಂಗಳೂರಿನ ನಿಮ್ಹಾನ್ಸ್ ಕೂಡ ನಮಗೆ ದೂರವಲ್ಲ.

ಈ ಸದ್ದಿನ ಜೊತೆ ಬದುಕುವುದೇ ಬೇಡ ಅಂತ ಯಾರಾದರೂ ಅಂದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.