ಪೆಟ್ಟಿಗೆ ಚರಕದಲ್ಲಿ ನೂಲುವುದು: ಹಂಜಿಯಿಂದ ಲಡಿಯವರೆಗೆ

ಅಕ್ಟೋಬರ್ 2ಕ್ಕೋ ಜನವರಿ 30ಕ್ಕೋ ಚರಕದ ಮುಂದೆ ಉತ್ಸಾಹದಿಂದ ಕೂತವರು, ಎಳೆ ನಾಲ್ಕು ಸಲ ಕಡಿಯುವಷ್ಟರಲ್ಲಿ ಎದ್ದುಬಿಡುತ್ತಾರೆ. ಕೈಗೆ ಒಗ್ಗಲಿಲ್ಲ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ತಪ್ಪು ಕೈಯದ್ದಲ್ಲ, ಹಂಜಿಯದ್ದು (ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ), ಇಲ್ಲವೇ ಕದಿರಿನದ್ದು (ತಿರುಗುತ್ತ ನೂಲು ಸುತ್ತಿಕೊಳ್ಳುವ ಚರಕದ ಕಡ್ಡಿ). ಗಾಂಧೀಜಿ ಬಿಟ್ಟುಹೋದದ್ದರಲ್ಲಿ ಓದಿ ತಿಳಿಯುವಂಥದ್ದು ಬಹಳ ಇದೆ. ನೂಲುವುದನ್ನು ಮಾತ್ರ ಮಾಡಿಯೇ ತಿಳಿಯಬೇಕು.

ಅವರಿಗೂ ಇದು ಮನೆಯಿಂದ ಬಂದ ವಿದ್ಯೆಯಲ್ಲ. ಆಶ್ರಮಕ್ಕೆ ಮೊದಲು ಬಂದದ್ದು ಮಗ್ಗ, ನೂಲು ಗಿರಣಿಯದ್ದು. ರಾಟೆಗಾಗಿ ಬಹಳ ಹುಡುಕಾಡಿದ ಮೇಲೆ ಗಂಗಾಬೆನ್ ಮಜುಂದಾರ್ ಅವರಿಗೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ (ನಮ್ಮ ವಿಜಯಪುರವಲ್ಲ) ಅಟ್ಟ ಸೇರಿದ್ದ ರಾಟೆಗಳು ಸಿಕ್ಕವು. ದೊಡ್ಡ ಗಾಲಿಯ ಆ ರಾಟೆಯನ್ನು ಹೊತ್ತು ತಿರುಗಲಾಗದು. 1930ರಲ್ಲಿ ಯರವಡಾ ಜೈಲಿನಲ್ಲಿದ್ದಾಗ ಗಾಂಧೀಜಿ ಪೆಟ್ಟಿಗೆಯೊಳಗೆ ಮಡಚಿಡುವ ಚರಕವನ್ನು ತಿದ್ದಿ ಸುಧಾರಿಸಿದರು. ಅದಕ್ಕೇ ಅದು ಯರವಡಾ ಚಕ್ರ. ಇಂದು ನಾವು ಪೆಟ್ಟಿಗೆ ಚರಕ ಎನ್ನುವುದು ಅದನ್ನೇ.

ಹಂಜಿ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಔಷಧಿ ಅಂಗಡಿಯ ಹತ್ತಿ ಬೇಡ. ಬಿಳುಪು ಮಾಡುವಾಗ ಅದರ ಸಹಜ ಮೇಣ ಹೋಗಿರುತ್ತದೆ, ಎಳೆಯೂ ಗಿಡ್ಡ. ದಿಂಬಿನ ಬೂರುಗದ ಅರಳೆಯಂತೂ ನೂಲಲು ಬರುವುದೇ ಇಲ್ಲ, ನುಣುಪು ಹೆಚ್ಚಾಗಿ ಎಳೆ ಎಳೆಯನ್ನು ಹಿಡಿಯುವುದಿಲ್ಲ. ಬೀಜ ತೆಗೆದ ಹತ್ತಿಯನ್ನು ಒಂದು ಗಂಟೆ ಬಿಸಿಲಿಗಿಟ್ಟು ಬೆರಳಲ್ಲಿ ಬಿಡಿಸಿ, ತಂತಿ ಹಲ್ಲಿನ ಎರಡು ಬ್ರಷ್‌ಗಳ ನಡುವೆ ಹಿಂಜಿ. ಬೆಳಕಿಗೆ ಹಿಡಿದರೆ ಗಂಟು ಕಾಣದಂಥ ತೆಳು ಹಾಳೆಯಾಗಬೇಕು. ಪೆನ್ಸಿಲ್ ದಪ್ಪದ ನುಣುಪು ಕಡ್ಡಿಗೆ ಅದನ್ನು ಸಡಿಲವಾಗಿ ಸುತ್ತಿ ಕಡ್ಡಿ ಎಳೆದುಬಿಟ್ಟರೆ ಬೆರಳು ದಪ್ಪದ, 15ರಿಂದ 20 ಸೆಂಟಿಮೀಟರ್ ಉದ್ದದ ಹಂಜಿ ಸಿದ್ಧ. ತುದಿಯನ್ನು ಮೆಲ್ಲಗೆ ಎಳೆದು ನೋಡಿ. ಎಳೆಗಳು ಒಂದರ ಹಿಂದೊಂದು ಜಾರಿ ಬರಬೇಕು. ಉಂಡೆಯಾಗಿ ಕಿತ್ತು ಬಂದರೆ ಮತ್ತೆ ಹಿಂಜಬೇಕು. ಹಂಜಿಯನ್ನು ಡಬ್ಬಿಯಲ್ಲಿಡಿ, ಮೇಲೆ ಭಾರ ಹೇರಬೇಡಿ.

ಇನ್ನು ಚರಕ. ದೊಡ್ಡ ಗಾಲಿಗೆ ಹಿಡಿ ಇರುತ್ತದೆ. ಅದರ ದಾರ ಚಿಕ್ಕ ಗಾಲಿಯನ್ನೂ, ಚಿಕ್ಕ ಗಾಲಿಯ ದಾರ ಕದಿರನ್ನೂ ತಿರುಗಿಸುತ್ತದೆ. ಮೊದಲು ಕದಿರನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿ. ತಿರುಗುತ್ತ ತುದಿ ಏಳುತ್ತ ಬೀಳುತ್ತ ಇದ್ದರೆ ಕದಿರು ಬಾಗಿದೆ. ಕಣ್ಣಿಗೆ ಕಾಣದಷ್ಟು ಬಾಗಿದ್ದರೂ ಸುತ್ತು ಸುತ್ತಿಗೂ ಎಳೆಗೆ ಜಗ್ಗು ಬೀಳುತ್ತದೆ, ಕಲಿಯುವವರಿಗೆ ಅದೇ ದೊಡ್ಡ ಕಾಟ. ಅಂಥದ್ದನ್ನು ನೆಟ್ಟಗೆ ಮಾಡಿಸಿ ಅಥವಾ ಬದಲಿಸಿ. ದಾರದ ಗಂಟು ದಪ್ಪವಿದ್ದರೂ ಇದೇ ಗೋಳು. ದಾರ ಬಿಗಿಯಾದರೆ ಹಿಡಿ ಭಾರ, ಸಡಿಲವಾದರೆ ಗಾಲಿ ತಿರುಗಿದರೂ ಕದಿರು ನಿಲ್ಲುತ್ತದೆ. ಆಗ ದಾರಕ್ಕೆ ಸ್ವಲ್ಪ ಜೇನುಮೇಣ ಉಜ್ಜಿ. ಕದಿರು ಕೂರುವಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ.

ಕದಿರಿಗೆ ಅರ್ಧ ಮೀಟರ್ ಸಿದ್ಧ ನೂಲು ಕಟ್ಟಿ, ಸುರುಳಿಯಾಗಿ ತುದಿಯವರೆಗೆ ತನ್ನಿ. ನೂಲಿನ ಇನ್ನೊಂದು ಕೊನೆಯ ಹುರಿ ಬಿಡಿಸಿ ಹಂಜಿಯ ತುದಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಹೊಂದಿಸಿಡಿ. ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಂಜಿಯನ್ನು ಹಿಡಿದು ಹಿಂದಕ್ಕೆ ಸರಿಸಿ. ಹೂವಿನ ಎಸಳು ಹಿಡಿದಷ್ಟೇ ಹಗುರವಾಗಿರಲಿ. ಎಳೆ ಕದಿರಿನ ದಿಕ್ಕಿಗೆ ಹತ್ತಿರವಿದ್ದು, ಒಂದೊಂದು ಸುತ್ತಿಗೂ ತುದಿಯಿಂದ ಟಪ್ ಎಂದು ಜಾರಬೇಕು. ಹಾಗೆ ಜಾರಿದಾಗಲೆಲ್ಲ ಒಂದು ಹುರಿ ಸೇರುತ್ತದೆ. ಜಾರದೆ ಸುತ್ತಿಕೊಳ್ಳುತ್ತಿದ್ದರೆ ಕೈ ಅಡ್ಡಕ್ಕೆ ಹೋಗಿದೆ ಎಂದರ್ಥ.

ಎಳೆ 60–70 ಸೆಂಟಿಮೀಟರ್ ಆದಾಗ ಎಡಗೈ ನಿಲ್ಲಿಸಿ, ಬೆರಳು ಬಿಗಿಮಾಡಿ, ಹಿಡಿಯನ್ನು ಒಂದೆರಡು ಸುತ್ತು ಹೆಚ್ಚಿಗೆ ತಿರುಗಿಸಿ. ಇದು ನೂಲಿಗೆ ಬಲ ಕೊಡುವ ಹುರಿ. ಆಮೇಲೆ ಹಿಡಿಯನ್ನು ತುಸುವೇ ಹಿಂದಕ್ಕೆ ತಿರುಗಿಸಿದರೆ ತುದಿಯ ಸುರುಳಿ ಬಿಚ್ಚಿಕೊಳ್ಳುತ್ತದೆ. ಎಳೆಯನ್ನು ಕದಿರಿಗೆ ಅಡ್ಡಲಾಗಿ ತಂದು ಸುತ್ತಿಕೊಳ್ಳಿ, ಹತ್ತು ಸೆಂಟಿಮೀಟರ್‌ನಷ್ಟು ಉಳಿಸಿ ಮತ್ತೆ ತುದಿಗೆ ಬನ್ನಿ.

ಹುರಿ ಸಾಕಾಯಿತೇ ಎಂದು ತಿಳಿಯಲು ಎಳೆಯನ್ನು ಸ್ವಲ್ಪ ಸಡಿಲ ಬಿಡಿ. ತಾನೇ ಒಂದೆರಡು ಸುತ್ತು ಹೆಣೆದುಕೊಂಡರೆ ಸರಿ. ಸುಮ್ಮನೆ ಜೋತರೆ ಹುರಿ ಸಾಲದು, ಜಗ್ಗಿದರೆ ಎಳೆ ಜಾರಿ ಬೇರೆಯಾಗುತ್ತದೆ. ಗುಂಗುರಾಗಿ ಗಂಟುಗಟ್ಟಿದರೆ ಹುರಿ ವಿಪರೀತವಾಗಿದೆ, ಅಂಥದ್ದು ಪಟ್ಟನೆ ತುಂಡಾಗುತ್ತದೆ. ಹಂಜಿಯನ್ನು ಹಿಸುಕಿದರೆ ಎಳೆ ಹೊರಗೆ ಬರುವುದೇ ಇಲ್ಲ. ತೀರಾ ಸಡಿಲ ಬಿಟ್ಟರೆ ಹುರಿ ಹಂಜಿಯೊಳಕ್ಕೆ ಏರಿ ಉಂಡೆ ಮಾಡುತ್ತದೆ. ಬೆರಳು ಬೆವರಿದರೆ ಒರೆಸಿಕೊಳ್ಳಿ. ಕಡಿದಾಗ ಗಂಟು ಹಾಕಬೇಡಿ, ತುದಿ ಬಿಡಿಸಿ ಹಂಜಿಗೆ ಹೊಂದಿಸಿದರೆ ತಾನೇ ಕೂಡುತ್ತದೆ.

ವೇಗದ ಚಿಂತೆ ಆಮೇಲೆ, ಮೊದಲು ನೂಲು ಸಮನಾಗಿರಲಿ. 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಸದಸ್ಯರು ವರ್ಷಕ್ಕೆ 24,000 ಗಜ ನೂಲು ಕೊಡಬೇಕೆಂಬ ನಿಯಮ ಅಲ್ಲಿ ಒಪ್ಪಿತವಾಯಿತು. ಆ ನೂಲು ಸಮನಾಗಿರಬೇಕೆಂಬ ಮಾತೂ ನಿಯಮದಲ್ಲೇ ಇತ್ತು. ತಾವು ನೂಲಲಾಗದವರು ಬೇರೆಯವರು ನೂತದ್ದನ್ನು ಕೊಡಬಹುದಿತ್ತು. ಮರುವರ್ಷ ಪಟ್ನಾದಲ್ಲಿ ನೂಲಿನ ಬದಲು ನಾಲ್ಕಾಣೆ ಚಂದಾವನ್ನೂ ಒಪ್ಪಿಕೊಂಡರು. ಆದರೂ ಆ ಲೆಕ್ಕ ಇವತ್ತಿಗೂ ಒಳ್ಳೆಯ ಗುರಿ: ತಿಂಗಳಿಗೆ 2,000 ಗಜವೆಂದರೆ ದಿನಕ್ಕೆ ಸುಮಾರು 61 ಮೀಟರ್. ಕೈ ಕುದುರಿದ ಮೇಲೆ ಅರ್ಧ ಗಂಟೆಯ ಕೆಲಸ.

ಕದಿರು ತುಂಬಿದಾಗ ನೂಲನ್ನು ಲಡಿಯಾಗಿ, ಅಂದರೆ ಅಳತೆಯ ಕಟ್ಟಾಗಿ ಸುತ್ತಬೇಕು. ಹಿಂದೆ ನಾಲ್ಕು ಅಡಿಯ ಸುತ್ತಿನಂತೆ 640 ಸುತ್ತು, ಅಂದರೆ 853 ಗಜ ಸೇರಿದರೆ ಒಂದು ಗುಂಡಿ. ಈಗ ಲಡಿಗೆ 1,000 ಮೀಟರ್. ನಿಮ್ಮ ಸುತ್ತುಪಟ್ಟಿಯ (ಲಡಿ ಸುತ್ತುವ ಚೌಕಟ್ಟು) ಒಂದು ಸುತ್ತು ಎಷ್ಟೆಂದು ಟೇಪಿನಿಂದ ಅಳೆದು, ಎಣಿಸುತ್ತ ಸುತ್ತಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರು ಚಿಮುಕಿಸಿ, ಸಣ್ಣ ಭಾರ ಜೋತುಬಿಟ್ಟು ಒಣಗಿಸಿದರೆ ಹುರಿ ನಿಲ್ಲುತ್ತದೆ. ಒಣಗಿದ ಮೇಲೆ ತೂಗಿ. 590ನ್ನು ಲಡಿಯ ಗ್ರಾಂ ತೂಕದಿಂದ ಭಾಗಿಸಿದರೆ ನೂಲಿನ ನಂಬರು ಸಿಗುತ್ತದೆ, ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. 59 ಗ್ರಾಂ ತೂಗಿದರೆ 10ನೇ ನಂಬರು, 29.5 ಗ್ರಾಂ ಆದರೆ 20. ಕಲಿಯುವವರಿಗೆ 10ರ ಆಸುಪಾಸು ಸಾಕು.

ಬಟ್ಟೆಯ ಲೆಕ್ಕವನ್ನೂ ತಿಳಿದಿರಿ. ಇಂಚಿಗೆ ಹಾಸಿನಲ್ಲಿ (ಉದ್ದಕ್ಕೆ) 36 ಎಳೆ, ಹೊಕ್ಕಿನಲ್ಲಿ (ಅಡ್ಡಕ್ಕೆ) 36 ಎಳೆ ಹಿಡಿದರೆ ಒಂದು ಚದರ ಮೀಟರಿಗೆ ಸುಮಾರು 2,830 ಮೀಟರ್ ನೂಲು ಬೇಕು, ಕುಗ್ಗುವುದೂ ಪೋಲಾಗುವುದೂ ಬೇರೆ. ಬೆಳಗಾವಿಯ ಲೆಕ್ಕದಂತೆ ವರ್ಷವಿಡೀ ನೂತರೆ ಏಳು ಚದರ ಮೀಟರಿನಷ್ಟು ಬಟ್ಟೆಯಾದೀತು. ಹೊಸಬರ ನೂಲನ್ನು ಮೊದಲು ಹೊಕ್ಕಿಗೇ ಕೊಡಿ. ಹಾಸಿನ ಎಳೆ ಮಗ್ಗದಲ್ಲಿ ಸದಾ ಬಿಗಿತದಲ್ಲಿರುತ್ತದೆ, ಎಳೆಗಳನ್ನು ಬಿಡಿಯಾಗಿ ಇರಿಸುವ ಬಾಚಣಿಗೆಯಂಥ ಅಣಿಯ ಹಲ್ಲಿಗೆ ಉಜ್ಜುತ್ತದೆ, ದುರ್ಬಲವಿದ್ದರೆ ಅಲ್ಲೇ ಕಡಿಯುತ್ತದೆ. ಪ್ರತಿ ಲಡಿಗೂ ನಂಬರು, ತೂಕ, ತಾರೀಖು ಬರೆದ ಚೀಟಿ ಕಟ್ಟಿ, ಒಂದೇ ನಂಬರಿನವನ್ನು ಒಟ್ಟಿಗೆ ಇಡಿ. 8ನೆಯದೂ 14ನೆಯದೂ ಬೆರೆತರೆ ಬಟ್ಟೆಯಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.