ಮಧ್ಯಾಹ್ನದ ಧಾರಾವಾಹಿಗೆ ಕೋರ್ಟ್ ಟ್ರ್ಯಾಕ್, ಅಂದರೆ ನ್ಯಾಯಾಲಯದ ಕಥಾಭಾಗ, ಬರೆಯುವುದು ಹೇಗೆ?

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷ ಉಳಿಯುತ್ತದೆ. ಪಾಟೀಸವಾಲಿಗೆ ಏಳೆಂಟು ನಿಮಿಷ ಸಾಕು. ಉಳಿದದ್ದು ಅತ್ತೆ-ಸೊಸೆ ಎದುರಾಗುವ ಕಾರಿಡಾರಿಗೆ.

ಮೊದಲು ವಂಶವೃಕ್ಷ ಬರೆದು, ಯಾವ ಗುಟ್ಟು ಯಾರಿಗೆ ಯಾವ ಎಪಿಸೋಡಿನಿಂದ ಗೊತ್ತು ಎಂದು ಪಕ್ಕದಲ್ಲೇ ಗುರುತು ಹಾಕಿ. ಇಲ್ಲದಿದ್ದರೆ ತನಗೆ ಗೊತ್ತೇ ಇರಬಾರದ ವಿಷಯವನ್ನು ನಾದಿನಿ ಕಟಕಟೆಯಲ್ಲಿ ನಿಂತು ಹೇಳಿಬಿಡುತ್ತಾಳೆ.

ಮಗುವಿನ ತಂದೆ ಯಾರು ಎಂಬ ಕಥೆಗೆ ಕಾನೂನೇ ತಿರುವು ಕೊಡುತ್ತದೆ. ಊರ್ಜಿತ ಮದುವೆಯಿರುವಾಗ, ಅಥವಾ ಅದು ಮುರಿದು 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಹೆತ್ತ ಮಗು, ಗಂಡನದ್ದೇ ಎಂದು ಕೋರ್ಟ್ ಭಾವಿಸುತ್ತದೆ. ಅಲ್ಲಗಳೆಯುವವರು ಆಗ ದಂಪತಿಗೆ ಸಂಪರ್ಕವೇ ಸಾಧ್ಯವಿರಲಿಲ್ಲ ಎಂದು ತೋರಿಸಬೇಕು. ಕೇಳಿದ ಕೂಡಲೇ ಡಿಎನ್‌ಎ ಪರೀಕ್ಷೆಗೆ ಆದೇಶ ಸಿಗುವುದಿಲ್ಲ. ಆ ಅರ್ಜಿಯ ವಾದವೇ ಒಂದು ವಾರದ ಸರಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳು ಕಾಯಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ತಕ್ಕ ಕಾರಣವಿದ್ದರೆ ಮನ್ನಾ ಆಗಬಹುದು. ಡಿಕ್ರಿಗೆ (ಕೋರ್ಟಿನ ಅಂತಿಮ ವಿಚ್ಛೇದನ ಆದೇಶಕ್ಕೆ) ಮುಂಚೆ ಒಪ್ಪಿಗೆ ಹಿಂತೆಗೆಯಲು ಅವಕಾಶವಿದೆ. ನಾಯಕಿ ಮನಸ್ಸು ಬದಲಿಸಲು ಇನ್ನೇನು ಬೇಕು?

ನ್ಯಾಯಾಧೀಶರ ಮರದ ಸುತ್ತಿಗೆ, ಗೀತೆ ಮುಟ್ಟಿ ಪ್ರಮಾಣ ಎರಡನ್ನೂ ಬಿಡಿ. 2024ರ ಜುಲೈ 1ರಿಂದೀಚೆಗೆ ನಡೆದ ಕೊಲೆಯಾದರೆ ವಕೀಲರ ಬಾಯಲ್ಲಿ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 302 ಬರಕೂಡದು, ಅದರ ಜಾಗಕ್ಕೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103 ಬರಬೇಕು.