ಮುರುಗಲು ಕೆಂಪಾಗಿಯೇ ಉಳಿಯಲಿ

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಶಿರಸಿಗೆ ಬಂದ ನೆಂಟರೊಬ್ಬರು ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ತಂದಿದ್ದರು. ಅತ್ತೆ ಅದನ್ನು ಆಚೀಚೆ ತಿರುಗಿಸಿ ನೋಡಿ, "ಹಿತ್ಲಲ್ಲೇ ಇದ್ದಲೆ, ಎಂತಕ್ಕೆ ದುಡ್ಡು ಕೊಡದು?" ಎಂದರು. ಅವರು ಕೈ ತೋರಿಸಿದ್ದು ಮುರುಗಲ (ಕೋಕಂ, ಪುನರ್ಪುಳಿ) ಮರದ ಕಡೆಗೆ.

ಬಾಳೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಕಪ್ಪಾಗುತ್ತದೆ, ಅಲ್ವಾ? ನಿಂಬೆರಸ ಹಿಂಡಿದರೆ ಬೇಗ ಕಪ್ಪಾಗುವುದಿಲ್ಲ. ಗಾಳಿಯ ಆಮ್ಲಜನಕ ಮಾಡುವ ಕಿತಾಪತಿ ಅದು. ನಮ್ಮ ಮೈ ಆಮ್ಲಜನಕ ಬಳಸುವಾಗಲೂ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳು ಹುಟ್ಟುತ್ತವೆ. ಜೀವಕೋಶದ ಕೊಬ್ಬು, ಡಿಎನ್‌ಎ ಎಲ್ಲವನ್ನೂ ಕೆಣಕುತ್ತವೆ. ಬೀಡಿ, ಸಿಗರೇಟಿನ ಹೊಗೆಯಿಂದ ಇವು ಇನ್ನೂ ಜಾಸ್ತಿ. ಇವುಗಳ ಹಾರಾಟ ತಣಿಸುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್. ಕೆಲವನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ. ಉಳಿದವು ಹಣ್ಣು, ಸೊಪ್ಪು, ಸಾಂಬಾರ ಪದಾರ್ಥಗಳಿಂದ ಬರಬೇಕು.

ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು ಕಡಿಮೆ. ಆದರೆ ಅದರ ಸಾರವನ್ನಷ್ಟೇ ಮಾತ್ರೆ ಮಾಡಿ ನುಂಗಿದರೆ ಅದೇ ಲಾಭ ಸಿಗುತ್ತದೆ ಅಂತಲ್ಲ. ಫಿನ್ಲೆಂಡಿನಲ್ಲಿ ಸುಮಾರು 29,000 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟಿನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯಲಿಲ್ಲ, 18% ಹೆಚ್ಚಿತ್ತು! ಡಬ್ಬಿ ಪಕ್ಕಕ್ಕಿಟ್ಟು ಹಿತ್ತಲಿಗೇ ಹೋಗೋಣ.

ಮುರುಗಲ ಕೆಂಪು ಅಂದರೆ ಆಂಥೋಸಯನಿನ್. ಇದೂ ಒಂದು ಆ್ಯಂಟಿಆಕ್ಸಿಡೆಂಟ್. ಜೋರು ಬಿಸಿ, ಬೆಳಕು ಇದಕ್ಕೆ ಆಗಿಬರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಪೂರ್ತಿ ಕಪ್ಪುಗೆಂಪಾದ ಹಣ್ಣನ್ನೇ ಆರಿಸಿ. ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಎರಡು ಹೋಳು ಮಾಡಿ. ತಿರುಳು, ಬೀಜ ಬೇರೆ ತೆಗೆದು ಅದಕ್ಕೊಂದು ಹಿಡಿ ಉಪ್ಪು ಕಲಸಿಡಿ. ರಸ ಬಿಡುತ್ತದೆ. ಸಿಪ್ಪೆಯನ್ನು ರಾತ್ರಿ ಆ ರಸದಲ್ಲಿ ಅದ್ದಿಡಿ, ಹಗಲು ಬಿಸಿಲಿಗೆ ಹಾಕಿ. ಮೂರ್ನಾಲ್ಕು ದಿನ ಹೀಗೇ ಮಾಡಿ, ಆಮೇಲೆ ಪೂರ್ತಿ ಒಣಗಿಸಿ. ಪಾತ್ರೆ ಸ್ಟೀಲಿನದ್ದೋ ಪಿಂಗಾಣಿಯದ್ದೋ ಇರಲಿ. ಅಲ್ಯುಮಿನಿಯಂ, ಹಿತ್ತಾಳೆ ಬೇಡ, ಹುಳಿ ಕಚ್ಚುತ್ತದೆ. ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಬೇಕು. ನಾನು ಒಮ್ಮೆ ಸೋಮಾರಿತನ ಮಾಡಿ ಜೂನ್ ತನಕ ಎಳೆದು, ಇಡೀ ಬುಟ್ಟಿ ಬೂಸು ಬಂದು ಗೊಬ್ಬರದ ಗುಂಡಿಗೆ ಹಾಕಿದ್ದೇನೆ. ಒಣಗಿದ್ದನ್ನು ಭರಣಿಗೆ ತುಂಬಿ, ಬಾಯಿ ಬಿಗಿದು, ಕತ್ತಲಲ್ಲಿಡಿ.

ಪಾನಕಕ್ಕೆ ನಾಲ್ಕೈದು ಸಿಪ್ಪೆಯನ್ನು ತಣ್ಣೀರಲ್ಲಿ ಒಂದೆರಡು ಗಂಟೆ ನೆನೆಸಿ ಕಿವುಚಿ. ಕುದಿಸಬೇಡಿ. ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸಾಕು. ಅಂಗಡಿಯ ಸಿರಪ್ಪಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಮುಂದು. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲವನ್ನೂ ಬಿಟ್ಟು ಉಪ್ಪಿನದ್ದೇ ಕುಡಿಯಬಹುದು. ಕಾರವಾರದ ಕಡೆ ಇದೇ ಸಿಪ್ಪೆಗೆ ತೆಂಗಿನ ಹಾಲು ಸೇರಿಸಿ ಸೋಲ್ ಕಡಿ ಮಾಡುತ್ತಾರೆ. ಅದನ್ನೂ ಕುದಿಸುವುದಿಲ್ಲ, ನೋಡಿ. ಬಂಗಡೆ ಸಾರಿಗಾದರೆ ಕೊನೆಯಲ್ಲಿ ಹಾಕಿ. ಬಿಳಿ ಮುರುಗಲಿನಲ್ಲಿ ಈ ಕೆಂಪು ಇರುವುದಿಲ್ಲ. ಹಾಗಂತ ಅದನ್ನು ಬಿಸಾಡುವವರು ನಮ್ಮಲ್ಲಿ ಯಾರೂ ಇಲ್ಲ ಬಿಡಿ.

ಇದೇ ಲೆಕ್ಕ ತಂಬುಳಿಗೂ. ಒಂದೆಲಗವನ್ನು ಚೆನ್ನಾಗಿ ತೊಳೆದು ಹಸಿಯಾಗಿಯೇ ಅರೆಯಿರಿ. ಜೀರಿಗೆ, ಕಾಳುಮೆಣಸನ್ನು ಮಾತ್ರ ತುಪ್ಪದಲ್ಲಿ ಹುರಿದು ಕಾಯಿತುರಿ ಜೊತೆ ಸೇರಿಸಿ, ಮಜ್ಜಿಗೆ ಬೆರೆಸಿ. ನೆಲ್ಲಿಕಾಯಿಯ ವಿಟಮಿನ್ ಸಿ ಕೂಡ ಬಿಸಿಗೆ ಸೋರಿ ಹೋಗುತ್ತದೆ. ಹಸಿಯಾಗಿ ಉಪ್ಪು ಹಚ್ಚಿ ಕಚ್ಚುವುದೇ ಲೇಸು.

ಎಲ್ಲವನ್ನೂ ಹಸಿ ತಿನ್ನಬೇಕೆಂದೇನೂ ಇಲ್ಲ. ಕೆಂಪು ಹರಿವೆ, ಸಿಹಿಗುಂಬಳದ ಕ್ಯಾರೊಟಿನ್ ಮೈಗೆ ಹತ್ತಲು ಕೊಬ್ಬು ಬೇಕು. ಕೊಬ್ಬರಿ ಎಣ್ಣೆ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ ಹಾಕುವ ನಮ್ಮ ಪಲ್ಯ ಸುಮ್ನೆ ರುಚಿಗಲ್ಲ. ಅರಿಶಿನದ ಜೊತೆ ಕಾಳುಮೆಣಸೂ ಹಾಗೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೆಣಸಿನ ಪಿಪೆರಿನ್ ಸೇರಿಸಿ ಕೊಟ್ಟಾಗ, ಅರಿಶಿನದ ಆ್ಯಂಟಿಆಕ್ಸಿಡೆಂಟ್ ಕರ್ಕ್ಯುಮಿನ್ ರಕ್ತಕ್ಕೆ ಹಲವು ಪಟ್ಟು ಜಾಸ್ತಿ ಸೇರಿತ್ತು.

ಪಾನಕ ಹಿಂಡಿದ ಸಿಪ್ಪೆಯನ್ನು ಎಸೆಯಬೇಡಿ, ಸಾರಿಗೆ ಇನ್ನೊಂದು ಸಲ ಹುಳಿ ಬಿಡುತ್ತದೆ. ಬೀಜವನ್ನೂ ತೊಳೆದು ಒಣಗಿಸಿಡಿ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಹಿಮ್ಮಡಿ ಒಡೆದವರಿಗೆ ಈ ಬೀಜದಿಂದ ತೆಗೆಯುವ ಮುರುಗಲ ತುಪ್ಪ ಬೇಕಾಗುತ್ತದೆ.